ನನ್ನ ಬ್ಯಾಡಗಿ ಡೆಕ್ಕು

ನಾನು ಎಲ್ಲದರಲ್ಲೂ ನಡುವಿನ ಮನುಷ್ಯ. ಅಕ್ಕನಿಗೂ ತಮ್ಮನಿಗೂ ನಡುವೆ ಹುಟ್ಟಿದೆ. ಅಕ್ಕನಿಗೆ ಮುದ್ದು ಸಿಕ್ಕಿತು, ತಮ್ಮನಿಗೆ ಹೊಸ ಅಂಗಿ ಸಿಕ್ಕಿತು, ನನಗೆ ಇಬ್ಬರ ಜಗಳ ಬಿಡಿಸುವ ಕೆಲಸ ಸಿಕ್ಕಿತು. ಚಹಾ ಸುಡುತ್ತಿದ್ದರೆ ನಾಲಿಗೆ ಒಪ್ಪುವುದಿಲ್ಲ, ಆರಿದರೆ ಮನಸ್ಸು ಒಪ್ಪುವುದಿಲ್ಲ. ಅಂಗಡಿಯವರು ಎರಡು ಬಣ್ಣದ ಅಂಗಿ ತೋರಿಸಿದರೆ "ಇವೆರಡರ ನಡುವಿಂದು ಒಂದು ಐತೇನ್ರಿ?" ಎಂದು ಕೇಳಿ ಬೈಸಿಕೊಳ್ಳುವವನು ನಾನು. ಇಂಥವನು ಫೋನಿನಲ್ಲಿ ಎಲೆಯಾಟದ ಬೆನ್ನು ಹತ್ತಿದರೆ ಏನಾಗಬೇಕೋ ಅದೇ ಆಯಿತು.

ಎಲೆಯಾಟ ಎಂದಕೂಡಲೇ ಹುಬ್ಬೇರಿಸಬೇಡಿ. ಇದು ಇಸ್ಪೀಟಲ್ಲ, ರೊಕ್ಕ ಕಟ್ಟುವ ಆಟವಂತೂ ಅಲ್ಲವೇ ಅಲ್ಲ. ಎಲೆಗಳ ಮೇಲೆ ತೋಳ, ಸಿಪಾಯಿ, ಗೂಳಿ, ರಾಕ್ಷಸ ಎಲ್ಲ ಇರುತ್ತವೆ. ಆಡುತ್ತಾ ಹೋದ ಹಾಗೆ ಹೊಸ ಎಲೆಗಳು ಸಿಗುತ್ತವೆ. ಅವುಗಳಲ್ಲಿ ಮೂವತ್ತನ್ನು ಮಾತ್ರ ಆರಿಸಿ ಕಟ್ಟು ಮಾಡಿಕೊಳ್ಳಬೇಕು. ಅದಕ್ಕೆ ಡೆಕ್ಕು ಎನ್ನುತ್ತಾರೆ. ಮೊದಲ ಸರದಿಗೆ ಒಂದು ಶಕ್ತಿ, ಎರಡನೆಯದಕ್ಕೆ ಎರಡು, ಹೀಗೆ ಸರದಿಗೊಂದು ಏರುತ್ತದೆ. ಸಣ್ಣ ಎಲೆ ಇಳಿಸಲು ಒಂದೆರಡು ಶಕ್ತಿ ಸಾಕು, ದೊಡ್ಡದಕ್ಕೆ ಏಳೆಂಟು ಬೇಕು. ನನ್ನ ಹೆಂಡತಿ ಗಿರಿಜಾಳದು ಬರೀ ಸಣ್ಣ ಎಲೆಗಳ ಡೆಕ್ಕು. ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಅವಳ ತೋಳಗಳು ಬಂದು ನನ್ನನ್ನು ಹರಿದು ಹಾಕಿರುತ್ತವೆ. ದಿನಾ ನನ್ನ ಜೊತೆಗೇ ರಾಣೆಬೆನ್ನೂರಿನಲ್ಲಿ ರೈಲು ಹತ್ತಿ ಹಾವೇರಿಯ ಆಫೀಸಿಗೆ ಬರುವ ಗೆಳೆಯ ಫಕ್ಕೀರಪ್ಪನದು ಇದಕ್ಕೆ ಪೂರಾ ಉಲ್ಟಾ. ಆಫೀಸಿನ ಕೆಲಸದ ಹಾಗೆ ಆಟವನ್ನೂ ಮುಂದೂಡಿ ಮುಂದೂಡಿ, ಕೊನೆಗೆ ಭಾರೀ ರಾಕ್ಷಸನೊಬ್ಬನನ್ನು ಇಳಿಸಿ ನನ್ನನ್ನು ಮುಗಿಸುತ್ತಾನೆ. ಅಂತೂ ನಾನು ಮನೆಯಲ್ಲಿ ಲಗೂ ಸೋಲುತ್ತಿದ್ದೆ, ರೈಲಿನಲ್ಲಿ ನಿಧಾನವಾಗಿ ಸೋಲುತ್ತಿದ್ದೆ.

ಅಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಬೇಸಿಗೆ ಬಂತು. ಬ್ಯಾಡಗಿಯಲ್ಲಿರುವ ನಮ್ಮ ಅತ್ತೆ ಗರಿಗರಿಯಾಗಿ ಒಣಗಿಸಿದ ಮೆಣಸಿನಕಾಯಿ ಚೀಲ ಕಳಿಸಿದರು. ಗಿರಣಿಗೆ ಹೋಗಿ ವರ್ಷದ ಖಾರ ಕುಟ್ಟಿಸಿಕೊಂಡು ಬರುವುದು ಮದುವೆಯಾದಾಗಿನಿಂದ ನನ್ನ ಪಾಲಿನ ಕೆಲಸ. ನನಗೋ ಮೆಣಸಿನಕಾಯಿ ಘಾಟು ಎಂದರೆ ಜೀವ ಹೋಗುತ್ತದೆ. ಹೋದ ವರ್ಷ ನಾನು ಸೀನಿದ ರಭಸಕ್ಕೆ ಪಾಳಿಯಲ್ಲಿದ್ದ ಅಜ್ಜಿಯೊಬ್ಬರು, "ಯಪ್ಪಾ, ಡಬ್ಬಿ ಇಲ್ಲೇ ಇಟ್ಟು ಆ ಗಿಡದ ಬುಡಕ ಹೋಗಿ ನಿಂದರು. ನಿನ್ನ ಸೀನಿಗೆ ನಮ್ಮ ಖಾರನೂ ಹಾರಾಕತ್ತೈತಿ" ಎಂದಿದ್ದರು. ಈ ಸಲ ಧೈರ್ಯ ಮಾಡಿ ಗಿರಿಜಾಳಿಗೆ ಹೇಳಿಯೇ ಬಿಟ್ಟೆ: "ಐತವಾರ ಒಂದು ಆಟ ಆಡೋಣು. ನಾ ಗೆದ್ರ ಗಿರಣಿಗೆ ನೀ ಹೋಗಬೇಕು."

"ಆತ್ರಿ. ನೀವು ಗೆದ್ರ ಕುಟ್ಟಿಸ್ಕೊಂಡು ಬರೋದು ನಂದು. ಮಾತು ಅಂದ್ರ ಮಾತು" ಎಂದಳು. ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನನಗೆ ಅವಮಾನವೇ ಆಯಿತು.

ಮರುದಿನ ರೈಲಿನಲ್ಲಿ ಫಕ್ಕೀರಪ್ಪನ ಮುಂದೆ ಗೋಳು ತೋಡಿಕೊಂಡೆ. ಅವನು ಡಾಕ್ಟರನ ಗತ್ತಿನಲ್ಲಿ ನನ್ನ ಫೋನು ಇಸಿದುಕೊಂಡ. "ಈರಣ್ಣ, ನಿನಗ ಓಡಾಕೂ ಆಗಂಗಿಲ್ಲ, ಕಾಯಾಕೂ ಆಗಂಗಿಲ್ಲ. ನೀ ಮಿಡ್‌ರೇಂಜ್ ಡೆಕ್ಕು ಕಟ್ಟು. ಮೂರು, ನಾಕು, ಐದು ಶಕ್ತಿ ಎಲಿ ಜಾಸ್ತಿ ಇರಲಿ. ಓಡಿ ಬರೋರನ್ನ ತಡೀತಾವ, ಸುಮ್ಮ ಕುಂತೋರನ್ನ ಎಬ್ಬಸ್ತಾವ." ಅಷ್ಟರಲ್ಲಿ ರೈಲು ಬ್ಯಾಡಗಿಯಲ್ಲಿ ನಿಂತಿತು. ಅವನು ಕಿಟಕಿಯಾಚೆಯ ಬೋರ್ಡು ತೋರಿಸಿ ಬಿದ್ದು ಬಿದ್ದು ನಕ್ಕ. "ರಾಣೆಬೆನ್ನೂರಿಗೂ ಹಾವೇರಿಗೂ ನಡುಕ ಬ್ಯಾಡಗಿ! ನಿನ್ನ ಡೆಕ್ಕಿಗೆ ಇದೇ ಹೆಸರಿಡೋ. ಬಣ್ಣ ಭಾರಿ, ಖಾರ ಕಡಿಮಿ." ಅತ್ತೆಯ ಊರಿನ ಮೆಣಸಿನಕಾಯಿಯನ್ನು ಆಡಿಕೊಂಡನೆಂದು ಸಿಟ್ಟು ಬಂತು. ಆದರೆ ಹೆಸರು ಅಂಟಿಕೊಂಡಿತು.

ಕಟ್ಟಲು ಕೂತೆ. ಎಷ್ಟು ಎಣಿಸಿದರೂ ಮೂವತ್ತೊಂದು. ತೆಗೆಯಬೇಕಾದದ್ದು ಯಾವುದು ಎಂದು ಗೊತ್ತಿತ್ತು: ಎಂಟು ಶಕ್ತಿಯ ಆನೆ. ಆಟ ಶುರುಮಾಡಿದಾಗ ನನಗೆ ಮೊಟ್ಟಮೊದಲು ಸಿಕ್ಕ ದೊಡ್ಡ ಎಲೆ ಅದು. ದಂತಕ್ಕೆ ಬಂಗಾರದ ಬಳೆ, ಕಣ್ಣಿನಲ್ಲಿ ಏನೋ ಒಂದು ವಿಶ್ವಾಸ. ಎಂಟು ಶಕ್ತಿ ಸೇರುವ ತನಕ ನಾನೇ ಬದುಕಿರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ರಾಣೆಬೆನ್ನೂರಿನಲ್ಲಿ ಅದನ್ನು ತೆಗೆಯುತ್ತಿದ್ದೆ, ಬ್ಯಾಡಗಿಯಲ್ಲಿ ಪಾಪ ಅನಿಸಿ ಸೇರಿಸುತ್ತಿದ್ದೆ, ಹಾವೇರಿ ಬರುವಷ್ಟರಲ್ಲಿ ಮತ್ತೆ ತೆಗೆಯುತ್ತಿದ್ದೆ. ಫಕ್ಕೀರಪ್ಪನಿಗೆ ತಲೆ ಕೆಟ್ಟುಹೋಯಿತು. "ಆನಿ ಸಾಕಾಕ ಅರಮನಿ ಬೇಕೋ ಮಾರಾಯಾ. ನೀ ಇರೋದು ಬಾಡಿಗಿ ಮನ್ಯಾಗ!" ಕೊನೆಗೆ ಶನಿವಾರ ಸಂಜೆ ಕಣ್ಣು ಮುಚ್ಚಿಕೊಂಡು ಆನೆಯನ್ನು ತೆಗೆದೇ ಬಿಟ್ಟೆ. ಯಾರನ್ನೋ ಸ್ಟೇಷನ್ನಿನಲ್ಲಿ ಬಿಟ್ಟು ಬಂದ ಹಾಗಾಯಿತು.

ಐತವಾರ ಮಂಡಕ್ಕಿ ಒಗ್ಗರಣೆ ತಿಂದು ಎದುರುಬದುರು ಕೂತೆವು. ಗಿರಿಜಾಳ ತೋಳಗಳು ಎಂದಿನಂತೆ ನುಗ್ಗಿ ಬಂದವು. ಎರಡು ಸರದಿ ನಾನು ಹೊಡೆತ ತಿಂದೆ. ಮೂರನೆಯದಕ್ಕೆ ಗುರಾಣಿ ಹಿಡಿದ ಸಿಪಾಯಿ ಬಂದು ಬಾಗಿಲಿಗೆ ಅಡ್ಡ ನಿಂತ. ನಾಲ್ಕನೆಯದಕ್ಕೆ ಗೂಳಿ ಇಳಿಯಿತು. ಅವಳ ಕೈಯಲ್ಲಿ ಎಲೆಗಳು ಮುಗಿಯುತ್ತಾ ಬಂದವು, ನನ್ನ ಕೈಯಲ್ಲಿ ಇನ್ನೂ ಇದ್ದವು. ಆನೆ ಕೂತು ಜಾಗ ತಿನ್ನುತ್ತಿದ್ದ ಕಡೆ ಈಗ ಕೆಲಸಕ್ಕೆ ಬರುವವರೇ ಇದ್ದರು. ಇನ್ನೆರಡು ಮೂರು ಸರದಿಗೆ ಆಟ ಮುಗಿದು ಪರದೆಯ ಮೇಲೆ ನನ್ನ ಹೆಸರು ಬಂತು. ಅಯ್ಯೋ, ನಾನು ಕುಣಿದ ಕುಣಿತಕ್ಕೆ ಮಂಡಕ್ಕಿ ತಟ್ಟೆ ಮಗುಚಿತು. ಜೀವನದಲ್ಲಿ ಮೊದಲ ಸಲ ನಡುವಿನವನು ಗೆದ್ದಿದ್ದ!

"ಖರೇನ ಛಲೋ ಆಡಿದ್ರಿ" ಎಂದಳು ಗಿರಿಜಾ. ಮುಖದಲ್ಲಿ ಸೋತ ದುಃಖ ಒಂದಿಷ್ಟೂ ಇಲ್ಲ. ಎದ್ದು ಒಳಗೆ ಹೋದವಳು ಮೆಣಸಿನಕಾಯಿ ಚೀಲ, ಮೊರ, ದೊಡ್ಡ ಬಾಣಲಿ ಮೂರನ್ನೂ ತಂದು ನನ್ನ ಮುಂದಿಟ್ಟಳು.

"ಇದೇನು? ಗಿರಣಿಗೆ ನೀ ಹೋಗಬೇಕಲ್ಲ?"

"ಹೋಗತೇನಲ್ರಿ, ಮಾತು ಕೊಟ್ಟೇನಿ. ಒಣಗಿಸೋದು ನಮ್ಮವ್ವ ಮಾಡ್ಯಾಳ. ಕುಟ್ಟಿಸೋದು ನಂದು. ನಡುವಿಂದು, ತೊಟ್ಟು ಬಿಡಸೋದು, ಹುರಿಯೋದು ಉಳೀತು. ಇಷ್ಟು ವರ್ಷ ನಾನ ಮಾಡೇನಿ. ಆದ್ರ ನಡುವಿಂದು ನಿಮಗ ಎಷ್ಟು ಛಂದ ಬರತೈತಿ ಅಂತ ಈಗ ನೋಡಿದೆನಲ್ಲ!"

ತೊಟ್ಟು ಬಿಡಿಸಿ, ಬಾಣಲಿ ಎತ್ತಿಕೊಂಡು ಒಳಗೆ ನಡೆದೆ. ಗಿರಣಿಯಲ್ಲಾದರೆ ದೂರ ನಿಲ್ಲಲು ಗಿಡದ ಬುಡವಿತ್ತು. ಅಡುಗೆಮನೆಯಲ್ಲಿ ಬಾಣಲಿಯ ಮೇಲೆಯೇ ಬಾಗಬೇಕು. ಮೊದಲ ಹಿಡಿ ಮೆಣಸಿನಕಾಯಿ ಕಾಯುತ್ತಲೇ ಸೀನು ಶುರುವಾಯಿತು, ಕಣ್ಣಿಂದ ನೀರು ದಳದಳ ಇಳಿಯಿತು. ಹೊರಗೆ ಕಟ್ಟೆಯ ಮೇಲೆ ತಂಪು ಗಾಳಿಗೆ ಕೂತಿದ್ದ ಗಿರಿಜಾ ಅಲ್ಲಿಂದಲೇ ಕೂಗಿದಳು: "ಭಾಳ ಹುರೀಬ್ಯಾಡ್ರಿ, ಕರ್ರಗಾಗ್ತಾವ. ಕಡಿಮಿನೂ ಹುರೀಬ್ಯಾಡ್ರಿ, ಹಸಿ ವಾಸನಿ ಬರತೈತಿ!"

ಸರಿಯಾದ ಹದ ನಡುವೆ ಎಲ್ಲೋ ಇರಬೇಕು. ಕಣ್ಣು ಬಿಡಲು ಬಂದರೆ ತಾನೇ ಕಾಣುವುದು.