ಸೋಲಿಲ್ಲದ ಬೂಟು

"ಈ ಭಾನುವಾರ ಬೊಲೊನ್ಯಾ ಊರಿಗೆ ಊರೇ ನಿಂತು ನನ್ನ ಕಾಲು ನೋಡ್ಬೇಕು. ನೋಡದಿದ್ರೆ ನನ್ನ ಹೆಸರು ನೋರ್ಮಾನೇ ಅಲ್ಲ!"

ನೋರ್ಮಾ ಈ ಘೋರ ಪ್ರತಿಜ್ಞೆ ಮಾಡಿದ್ದು ಅಕ್ಟೋಬರಿನ ಒಂದು ಬೆಳಗ್ಗೆ, ಮಲಗುವ ಕೋಣೆಯಲ್ಲಿ, ಕೈಯಲ್ಲಿ ನುಸಿಗುಳಿಗೆಯ ಪೊಟ್ಟಣ ಹಿಡಿದುಕೊಂಡು. ಅಂದು ಮನೆಯಲ್ಲಿ ವಾರ್ಷಿಕ ವರ್ಗಾವಣೆ. ಬೇಸಿಗೆಯ ಹತ್ತಿಬಟ್ಟೆಗಳಿಗೆಲ್ಲ ಕಪಾಟಿನ ಮೇಲಿನ ಅಟ್ಟಕ್ಕೆ ಎತ್ತಂಗಡಿ. ಅಟ್ಟದಲ್ಲಿ ಆರು ತಿಂಗಳು ಅಜ್ಞಾತವಾಸ ಮಾಡಿದ ಉಣ್ಣೆಬಟ್ಟೆಗಳಿಗೆ ಕೆಳಗೆ ಪಟ್ಟಾಭಿಷೇಕ. ಏಣಿಯ ಮೇಲೆ ನಿಂತು ಪೆಟ್ಟಿಗೆಗಳನ್ನು ಇಳಿಸುತ್ತಿದ್ದವನು ಗಂಡ ಲೋರಿಸ್, ನಿವೃತ್ತ ಬಾಯ್ಲರ್ ರಿಪೇರಿಗಾರ. ಪ್ರಪಂಚದ ಕಷ್ಟಗಳಿಗೆಲ್ಲ ಒತ್ತಡ ಮತ್ತು ಸೋರಿಕೆ, ಇವೆರಡೇ ಕಾರಣ ಎಂಬುದು ಅವನು ಜೀವಮಾನವಿಡೀ ದುಡಿದು ಕಂಡುಕೊಂಡ ವೇದಾಂತ.

"ಊರು ನಿನ್ನ ಕಾಲು ಯಾಕೆ ನೋಡ್ಬೇಕು? ಎಲ್ಲಾದ್ರೂ ಸೋರ್ತಿದೆಯಾ?" ಎಂದು ಕೇಳಿದ ಅವನು.

"ಫ್ಯಾಷನ್ ಕಣೋ, ಫ್ಯಾಷನ್! ಆ ಮೂಲೇಲಿರೋ ರಟ್ಟಿನ ಡಬ್ಬಿ ಇಳಿಸು, ಮಾತು ಬೇಡ."

ವಿಷಯ ಇಷ್ಟೇ. ಹಿಂದಿನ ದಿನ ನೋರ್ಮಾ ತಲೆಗೆ ಬಣ್ಣ ಮೆತ್ತಿಸಿಕೊಂಡು ಕೂತಿದ್ದಾಗ ಒಂದು ಪತ್ರಿಕೆ ತಿರುವಿ ಹಾಕಿದ್ದಳು. ಈ ಶರತ್ಕಾಲದಲ್ಲಿ ಚಾಕೊಲೇಟು ಬಣ್ಣದ ಅಗಲವಾದ ಉದ್ದ ಲಂಗ, ಸಾಸಿವೆ ಬಣ್ಣದ ಗಿಡ್ಡ ಸ್ವೆಟರು, ಮೊಣಕಾಲಿನವರೆಗೆ ಬೂಟು. ಆದರೆ ಎಲ್ಲವನ್ನೂ ಹೊಸತೇ ಕೊಂಡವಳು ಬರೀ ಗಿರಾಕಿಯಂತೆ. ಹೊಸತರ ಜೊತೆ ಹಳತನ್ನು ಬೆರೆಸಿ ತೊಟ್ಟವಳೇ ಜಾಣೆಯಂತೆ! 'ಹೋಗಿ, ಅಜ್ಜಿಯ ಪೆಟ್ಟಿಗೆ ತೆರೆಯಿರಿ' ಎಂದು ಆ ಪತ್ರಿಕೆ ಅಪ್ಪಣೆ ಕೊಡಿಸಿತ್ತು. 'ಅಜ್ಜಿಯ ಪೆಟ್ಟಿಗೆ ಯಾಕೆ? ಈಗ ನನ್ನದೇ ಪೆಟ್ಟಿಗೆ ಅಷ್ಟು ಹಳೇದಾಗಿದೆ!' ಎಂದು ನೋರ್ಮಾ ಹಿಗ್ಗಿದಳು. ವಯಸ್ಸಾದದ್ದಕ್ಕೆ ಅವಳು ಹಿಗ್ಗಿದ್ದು ಅದೇ ಮೊದಲು.

ಆ ಹಿಗ್ಗನ್ನು ಓರಗಿತ್ತಿ ಡಿರ್ಚೆಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಡಿರ್ಚೆ ಲೋರಿಸನ ತಮ್ಮ ಎರ್ಮೆಸನ ಹೆಂಡತಿ. ಮಾರುಕಟ್ಟೆಗೆ ಏನು ಬಂದರೂ ಮೊದಲು ಅವಳ ಮೈಮೇಲೆ ಬಂದು ಆಮೇಲೆ ಅಂಗಡಿಗೆ ಹೋಗುತ್ತದೆ ಎಂದು ಮನೆತನದಲ್ಲಿ ಪ್ರತೀತಿ.

"ಅಯ್ಯೋ ಅಕ್ಕಾ, ಹುಡುಗೀರು ಹಳೇದು ಹಾಕ್ಕೊಂಡ್ರೆ ಫ್ಯಾಷನ್ ಅಂತಾರೆ," ಎಂದಳು ಡಿರ್ಚೆ. "ನಮ್ಮ ವಯಸ್ಸಲ್ಲಿ ಹಾಕ್ಕೊಂಡ್ರೆ, ಪಾಪ, ಬೇರೆ ಇಲ್ವೇನೋ ಅಂತಾರೆ!"

ಅಲ್ಲಿಗೆ ಯುದ್ಧ ಘೋಷಣೆಯಾಯಿತು. ರಣರಂಗ, ಭಾನುವಾರ ಊರೆಲ್ಲ ಅಡ್ಡಾಡಲು ಸೇರುವ ದೊಡ್ಡ ಚೌಕ.

ಆದರೆ ಡಿರ್ಚೆಯ ಹೊಟ್ಟೆ ಉರಿಸುವುದೊಂದೇ ನೋರ್ಮಾಳ ಗುರಿಯಾಗಿರಲಿಲ್ಲ. ರಟ್ಟಿನ ಡಬ್ಬಿಯೊಳಗೆ ಹಳೆಯ ಕಾಗದದಲ್ಲಿ ಸುತ್ತಿಟ್ಟ, ಚೆಸ್ಟ್‌ನಟ್ ಕಾಯಿಯ ಕೆಂಗಂದು ಬಣ್ಣದ ಆ ಎತ್ತರ ಹಿಮ್ಮಡಿಯ ಬೂಟುಗಳನ್ನು ಅವಳು ಕೊಂಡಿದ್ದು ಇಪ್ಪತ್ತನೆಯ ವಯಸ್ಸಿನಲ್ಲಿ, ಅಂಗಿಗುಂಡಿ ಕಾರ್ಖಾನೆಯ ಮೊದಲ ಸಂಬಳದಲ್ಲಿ. ಅವನ್ನು ಹಾಕಿಕೊಂಡೇ ನದಿಯ ಪಕ್ಕದ ನೃತ್ಯಶಾಲೆಗೆ ಹೋಗಿದ್ದಳು. ಅಲ್ಲಿ ಕಿತ್ತಳೆ ಶರಬತ್ತಿನ ಲೋಟ ಹಿಡಿದು ಗೋಡೆಗೆ ಅಂಟಿಕೊಂಡಿದ್ದ ಗಿಡ್ಡ ಹುಡುಗನೊಬ್ಬ ಅವಳನ್ನು ಕಂಡು ಶರಬತ್ತನ್ನೆಲ್ಲ ತನ್ನ ಶರ್ಟಿಗೇ ಕುಡಿಸಿದ್ದ. ಅವನೇ ಲೋರಿಸ್. ಬೂಟು ಹಾಕಿದರೆ ಅವಳು ಅವನಿಗಿಂತ ಒಂದು ಗೇಣು ಎತ್ತರ. ಹಾಗಾಗಿ ಮನೆಗೆ ಬಿಡಲು ಬರುವಾಗಲೆಲ್ಲ ಲೋರಿಸ್ ರಸ್ತೆಯ ಬದಿಗೆ ಚಾವಣಿ ಹೊತ್ತ ಕಮಾನುಸಾಲಿನ ಜಗಲಿಯ ಅಂಚಿನ ಮೇಲೆ ನಡೆಯುತ್ತಿದ್ದ, ಅವಳು ಕೆಳಗೆ ರಸ್ತೆಯ ಮೇಲೆ. ಮಳೆ ಬಂದರೆ ಅವಳು ನೆನೆಯುತ್ತಿದ್ದಳು. ಆದರೂ ಜಗಲಿ ಹತ್ತುತ್ತಿರಲಿಲ್ಲ!

ಆಗ ಅವನು ನೋಡುತ್ತಿದ್ದ ನೋಟವೇ ಬೇರೆ. ಈಗ? ಹೊಸ ಬಣ್ಣದ ತಲೆ ಹೊತ್ತು ನಿನ್ನೆ ಮನೆಗೆ ಬಂದು ಅವನ ಮುಂದೆ ಮೂರು ಸುತ್ತು ತಿರುಗಿದರೆ, "ಬಾಗಿಲು ಹಾಕು, ಬಿಸಿ ಹೊರಗೆ ಹೋಗುತ್ತೆ" ಅಂದಿದ್ದ.

ಭಾನುವಾರ ಬಂತು. ಮಧ್ಯಾಹ್ನ ಪುಟ್ಟ ಕಡುಬುಗಳ ತೊರ್ತೆಲ್ಲಿನಿ ಸಾರು ಉಂಡು, ಲಂಗ ತೊಟ್ಟು, ಸ್ವೆಟರು ಹಾಕಿ, ಅಮ್ಮನ ಕಾಲದ ರೇಷ್ಮೆ ವಸ್ತ್ರ ಕೊರಳಿಗೆ ಸುತ್ತಿ ನೋರ್ಮಾ ಮಂಚದ ಮೇಲೆ ಕೂತಳು. ಬೂಟಿನ ಚರ್ಮ ಮೇಣ ತಿಕ್ಕಿಸಿಕೊಂಡು ಕನ್ನಡಿಯಾಗಿತ್ತು. ಪಾದ ಸಲೀಸಾಗಿ ಒಳಗೆ ಹೋಯಿತು. ಆದರೆ ಮೀನಖಂಡ? ಅದು ಇಷ್ಟು ವರ್ಷ ಸುಮ್ಮನೆ ಕೂತಿರಲಿಲ್ಲ. ಝಿಪ್ ಅರ್ಧಕ್ಕೆ ಬಂದು ಸತ್ಯಾಗ್ರಹ ಹೂಡಿತು.

ಲೋರಿಸ್ ಸೋಪು ಮತ್ತು ಇಕ್ಕಳ ಹಿಡಿದು ಬಂದ. "ಒತ್ತಡ ಜಾಸ್ತಿ ಇದೆ. ಉಸಿರು ಬಿಡು."

"ಕಾಲಲ್ಲಿ ಉಸಿರು ಬಿಡೋದು ಹೇಗೋ ಮಾರಾಯ?"

"ಹಾಗಾದ್ರೆ ಹಿಡ್ಕೋ!"

ಇಬ್ಬರೂ ಎಳೆದಾಡಿ, ಒಬ್ಬರನ್ನೊಬ್ಬರು ಬೈದಾಡಿ, ಕೊನೆಗೆ ಎರಡೂ ಝಿಪ್ಪುಗಳು ಮೇಲೇರಿದವು. ಲೋರಿಸ್ ಬೂಟು ತೊಟ್ಟ ಅವಳ ಕಾಲನ್ನೆತ್ತಿ ಕೆಳಭಾಗವನ್ನು ಉಗುರಿನಿಂದ ಕೆರೆದ. "ಇದು ಪ್ಲಾಸ್ಟಿಕ್ ಸೋಲು ಕಣೆ. ಬಳಸದೆ ಇಟ್ರೆ ವಾಷರ್ ಕೂಡ ಪುಡಿಯಾಗುತ್ತೆ. ಒಂದ್ಸಲ ಸರಿಯಾಗಿ ನೋಡ್ಲಾ?"

"ಮುಟ್ಟಬೇಡ! ಈ ಬೂಟಿಗೆ ಸೋಲೇ ಇಲ್ಲ!" ಎಂದು ಗುಡುಗಿದಳು ನೋರ್ಮಾ.

ಅಸ್ತು ಎನ್ನುವ ದೇವತೆಗಳು ಇಟಲಿಯಲ್ಲೂ ಇರುತ್ತಾರೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಮೊದಲ ಬೀದಿಯಲ್ಲಿ ವಿಜಯಯಾತ್ರೆಯೇ! ಟಕ್ ಟಕ್ ಟಕ್ ಎಂದು ಹಿಮ್ಮಡಿ ಕುಟ್ಟುತ್ತ ನೋರ್ಮಾ ಕಮಾನುಸಾಲಿನಲ್ಲಿ ನಡೆದರೆ, ಸದ್ದು ಕಮಾನಿನಿಂದ ಕಮಾನಿಗೆ ಹಾರಿ ಡಂಗುರ ಸಾರಿತು. ಚೆಸ್ಟ್‌ನಟ್ ಸುಡುತ್ತಿದ್ದವನು, "ಸಿಞೋರಾ, ನನ್ನ ಕಾಯಿಗಿಂತ ನಿಮ್ಮ ಬೂಟಿನ ಬಣ್ಣವೇ ಚೆನ್ನ!" ಎಂದ. ಮುದುಕನೊಬ್ಬ ಟೋಪಿ ಎತ್ತಿದ. ಲೋರಿಸ್ ಪಕ್ಕದಲ್ಲೇ ನಡೆಯುತ್ತಿದ್ದ. ಕತ್ತೆತ್ತಿ ನೋಡಬೇಕಲ್ಲ? ಊಹೂಂ. ಯಾರದೋ ಮನೆಯ ಹೊಗೆಕೊಳವೆಯ ಕೋನ ಸರಿಯಿಲ್ಲವೆಂದು ಅದನ್ನೇ ನೋಡುತ್ತಿದ್ದ.

ಎರಡನೆಯ ಬೀದಿಗೆ ಬರುವಷ್ಟರಲ್ಲಿ ಟಕ್ ಟಕ್ ಹೋಗಿ ಟಪ್ ಟಪ್ ಆಯಿತು. ಮೂರನೆಯ ಬೀದಿಯಲ್ಲಿ ಪಚ್ ಪಚ್.

"ಲೋರಿಸ್, ಈ ಪಾರಿವಾಳಗಳು ಯಾಕೋ ನಮ್ಮ ಹಿಂದೇನೇ ಬರ್ತಿವೆ?"

ಲೋರಿಸ್ ತಿರುಗಿ ನೋಡಿದ. "ನೀನೇನೋ ಉದುರಿಸ್ತಿದ್ದೀಯ."

"ಎಲೆ ಉದುರೋ ಕಾಲ. ಎಲೆ ಉದುರುತ್ತೆ."

"ಎಲೆ ಅಲ್ಲ ಕಣೆ. ನೀನೇ ಉದುರ್ತಿದ್ದೀಯ!"

ನೋರ್ಮಾ ತಿರುಗಿದಳು. ಚರ್ಚಿನ ಮೂಲೆಯಿಂದ ತನ್ನ ಕಾಲಿನವರೆಗೆ, ಸುಟ್ಟ ರೊಟ್ಟಿಯ ಪುಡಿಯಂತೆ, ಕಪ್ಪನೆಯ ಚೂರುಗಳ ರಾಜಮಾರ್ಗ! ಮದುಮಗಳ ಹಿಂದೆ ಹೂ ಚೆಲ್ಲುತ್ತಾರೆ. ಇಲ್ಲಿ ಮದುಮಗಳೇ ಸೋಲು ಚೆಲ್ಲುತ್ತಿದ್ದಳು. ಪಾರಿವಾಳಗಳು ಒಂದೊಂದೇ ಚೂರು ಕುಕ್ಕಿ, ಛೀ ಎಂದು ತಲೆ ಕೊಡವಿ, ಆದರೂ ಆಸೆ ಬಿಡದೆ ಹಿಂಬಾಲಿಸುತ್ತಿದ್ದವು. ಲೋರಿಸ್ ಕರವಸ್ತ್ರ ಹಾಸಿ ದೊಡ್ಡ ತುಂಡುಗಳನ್ನು ಆಯತೊಡಗಿದ.

"ಅದನ್ಯಾಕೆ ಆಯ್ತೀಯ? ಮಾನ ಹೋಗ್ತಿದೆ!"

"ಗೋಂದು ಹಾಕಿ ಅಂಟಿಸಬಹುದು."

"ಬೂಟನ್ನಾ, ಮಾನಾನಾ?"

ಅಷ್ಟರಲ್ಲಿ ಬಲಗಾಲಿನ ಹಿಮ್ಮಡಿ ಟಣ್ಣನೆ ಹಾರಿ ಕಂಬದ ಬುಡಕ್ಕೆ ಉರುಳಿತು. ನೋರ್ಮಾ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು, ಗಾಳಿಗೆ ಸಿಕ್ಕಿದ ದೋಣಿಯಂತೆ ಓಲಾಡುತ್ತ ದೊಡ್ಡ ಚೌಕದವರೆಗೆ ಬಂದಳು. ಅಲ್ಲಿ ಎಡಹಿಮ್ಮಡಿಯೂ ಅಣ್ಣನ ದಾರಿ ಹಿಡಿಯಿತು.

ಲೋರಿಸನ ಮುಖ ಅರಳಿತು. "ನೋರ್ಮಾ! ಈಗ ನಾನೇ ಎತ್ತರ ಕಣೆ!"

"ನಿನ್ನ ಎತ್ತರಕ್ಕಿಷ್ಟು! ಮೊದ್ಲು ಇದನ್ನ ಬಿಚ್ಚು!"

ಬೆಳಗ್ಗೆ ಸುರಿದ ಮಳೆಗೆ ಒದ್ದೆಯಾಗಿದ್ದ ಕಲ್ಲುಹಾಸಿನ ಮೇಲೆ ಒಳಗಿನ ರಟ್ಟೂ ನೆನೆದು ಹರಿದು, ಐದೂ ಬೆರಳುಗಳು ಹೊರಗೆ ಇಣುಕಿ ಊರು ನೋಡುತ್ತಿದ್ದವು. ಮೇಲಿನ ಚರ್ಮ ಮಾತ್ರ ಫಳಫಳ! ಮೊಣಕಾಲಿನಿಂದ ಕಣಕಾಲಿನವರೆಗೆ ಮಹಾರಾಣಿ, ಅದರ ಕೆಳಗೆ ಬರಿಗಾಲ ಭಿಕಾರಿ. ಇಂಥ ಬೂಟಾಟಿಕೆಯನ್ನು ಬೊಲೊನ್ಯಾ ಅದುವರೆಗೆ ಕಂಡಿರಲಿಲ್ಲ.

ಲೋರಿಸ್ ಅಲ್ಲೇ ಚೌಕದ ನಡುವೆ ಒಂದು ಮಂಡಿಯೂರಿ, ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಝಿಪ್ಪಿಗಾಗಿ ತಡಕಾಡತೊಡಗಿದ. ತಡಕಾಡಿದ, ತಡಕಾಡಿದ, ಸಿಗಲಿಲ್ಲ. ಸೋತು ತಲೆಯೆತ್ತಿ ಅವಳ ಮುಖವನ್ನೇ ನೋಡಿದ.

ಗಂಡಸೊಬ್ಬ ಹೆಂಗಸಿನ ಮುಂದೆ ಮಂಡಿಯೂರಿ ಮುಖ ನೋಡುತ್ತಿದ್ದಾನೆ! ಮೊದಲು ಕಂಡವರು ಐಸ್‌ಕ್ರೀಮ್ ನೆಕ್ಕುತ್ತಿದ್ದ ವಿದ್ಯಾರ್ಥಿನಿಯರು. "ಅಯ್ಯೋ, ನೋಡ್ರೇ! ಈ ವಯಸ್ಸಲ್ಲಿ!" ಎಂದು ಕಣ್ಣೊರೆಸಿಕೊಂಡರು. ಜನ ಸೇರಿತು. ಅಕಾರ್ಡಿಯನ್ ನುಡಿಸುತ್ತಿದ್ದವನು ನುಡಿಸುತ್ತಿದ್ದ ಹಾಡನ್ನು ನಡುವೆಯೇ ಬಿಟ್ಟು ಮದುವೆಯ ವಾಲ್ಟ್ಜ್ ಕುಣಿತದ ರಾಗ ಶುರು ಮಾಡಿದ.

"ಹೂಂ ಅನ್ನಿ, ಸಿಞೋರಾ!" ಎಂದು ಕೂಗಿತು ಜನ. "ಪಾಪ, ಎಷ್ಟು ವರ್ಷದಿಂದ ಕಾಯ್ತಿದಾರೋ! ಹೂಂ ಅನ್ನಿ!"

ಬೈಯಲು ಬಾಯಿ ತೆರೆದ ನೋರ್ಮಾಳಿಗೆ ಹಳೆಯದೊಂದು ನೆನಪಾಯಿತು. ಲೋರಿಸ್ ಅವಳನ್ನು ನಿಜವಾಗಿ ಮದುವೆಗೆ ಕೇಳಿದ್ದು ಅವಳಮ್ಮನ ಅಡುಗೆಮನೆಯಲ್ಲಿ, ಬಾಯ್ಲರಿನ ಕೆಳಗೆ ಅಂಗಾತ ಮಲಗಿಕೊಂಡು. ಅವಳಿಗೆ ಕಂಡದ್ದು ಅವನ ಎರಡು ಕಾಲು ಮಾತ್ರ. "ಆ ಚಿಕ್ಕ ಸ್ಪ್ಯಾನರ್ ಕೊಡು. ಅಂದಹಾಗೆ, ನನ್ನನ್ನ ಮದುವೆ ಆಗ್ತೀಯಾ?" ಎಂದಿತ್ತು ಬಾಯ್ಲರ್. ಅವಳು ಸ್ಪ್ಯಾನರ್ ಕೊಟ್ಟಿದ್ದಳು. ಅದನ್ನೇ ಒಪ್ಪಿಗೆ ಎಂದು ಎಲ್ಲರೂ ತಿಳಿದುಕೊಂಡರು. ಹೂಂ ಎಂಬ ಮಾತು ಅವಳ ಗಂಟಲಲ್ಲೇ ಉಳಿದುಹೋಗಿತ್ತು.

ಈಗ ಅದೇ ಲೋರಿಸ್ ಅವಳ ಕಾಲ ಬಳಿ, ಬಾಯಿ ಸ್ವಲ್ಪ ತೆರೆದು, ಬೆಪ್ಪನಂತೆ ಕಣ್ಣು ಮಿಟುಕಿಸದೆ ನೋಡುತ್ತಿದ್ದಾನೆ. ಶರಬತ್ತು ಚೆಲ್ಲಿಕೊಂಡ ದಿನದ ನೋಟವೇ! ಅವಳ ಕಣ್ಣು ತುಂಬಿತು.

"ಹೂಂ," ಎಂದಳು ನೋರ್ಮಾ.

ಚಪ್ಪಾಳೆಯ ಸದ್ದಿಗೆ ಪಾರಿವಾಳಗಳೆಲ್ಲ ಎದ್ದು ಹಾರಿದವು. ಆ ರೆಕ್ಕೆಗಳ ತೆರೆ ಸರಿದಾಗ ಎದುರಿಗೆ ನಿಂತಿದ್ದವಳು ಡಿರ್ಚೆ, ಅಡಿಯಿಂದ ಮುಡಿಯವರೆಗೆ ಹೊಚ್ಚಹೊಸದರಲ್ಲಿ! ನೋರ್ಮಾ ಲಂಗದ ಅಂಚನ್ನು ಬೆರಳುಗಳ ಮೇಲಕ್ಕೆ ಎಳೆದುಕೊಂಡಳು. ಆದರೆ ಡಿರ್ಚೆ ನೋಡಿದ್ದು ಬೂಟನ್ನಲ್ಲ, ಭಾವನನ್ನು. ಕೂಡಲೇ ಗಂಡನ ಪಕ್ಕೆಗೆ ಮೊಣಕೈಯಿಂದ ತಿವಿದಳು.

"ನೋಡಿ ಕಲ್ತುಕೊಳ್ರೀ! ನಿಮ್ಮಣ್ಣ ಚೌಕದ ಮಧ್ಯೆ ಮಂಡಿಯೂರಿದಾರೆ. ನೀವು ಇಷ್ಟು ವರ್ಷದಲ್ಲಿ ಒಂದಿನ ಬಗ್ಗಿದ್ದುಂಟಾ?"

"ನನಗೆ ಬೆನ್ನು ನೋವು," ಎಂದ ಎರ್ಮೆಸ್.

ಆಹಾ! ಬೂಟಿನಿಂದ ಆಗದ ಕೆಲಸ ಬೂಟು ಹೋದದ್ದರಿಂದ ಆಯಿತು! ನೋರ್ಮಾ ರಾಣಿಯಂತೆ ಕತ್ತೆತ್ತಿ, "ಸಾಕು ಲೋರಿಸ್, ಏಳು," ಎಂದಳು ಮೆಲ್ಲಗೆ.

"ಆಗ್ತಿಲ್ಲ."

"ಪರವಾಗಿಲ್ಲ ಏಳೋ, ನನಗೂ ಹಾಗೇ ಅನ್ನಿಸ್ತಿದೆ."

"ಅನ್ನಿಸೋದಲ್ಲ ಕಣೆ. ಮಂಡಿ ಹಿಡ್ಕೊಂಡಿದೆ!"

ಬೆನ್ನುನೋವಿನ ಎರ್ಮೆಸ್ ಒಂದು ಕಡೆ, ಹೊಸ ಕೋಟಿನ ಡಿರ್ಚೆ ಇನ್ನೊಂದು ಕಡೆ, ಹಿಂದಿನಿಂದ ಅಕಾರ್ಡಿಯನ್‌ನವನು. ಮೂವರೂ ಸೇರಿ ಐಸಾ ಎಂದು ಮದುಮಗನನ್ನು ಎಬ್ಬಿಸಿ ಬೆಂಚಿಗೆ ಒರಗಿಸಿದರು. ಆಗಲೇ ಲಂಗದ ಅಂಚು ಸರಿದು ಡಿರ್ಚೆಯ ಕಣ್ಣು ಕೆಳಗೆ ಬಿತ್ತು. ನೋರ್ಮಾ ಬೆರಳುಗಳನ್ನು ಮಡಚಿಕೊಂಡಳು. ಈಗ ಬರುತ್ತದೆ ಕುಟುಕು ಎಂದು ಕಣ್ಣು ಮುಚ್ಚಿದಳು.

ಬಂದದ್ದು ಒಂದು ಜೊತೆ ಚಪ್ಪಲಿ. ಡಿರ್ಚೆ ತನ್ನ ಹೊಸ ಚೀಲದ ಆಳದಿಂದ, ಅತ್ತಿತ್ತ ನೋಡಿ, ತೇಪೆ ಹಾಕಿದ ಹಳೆಯ ಬಟ್ಟೆಚಪ್ಪಲಿ ತೆಗೆದು ನೆಲಕ್ಕಿಟ್ಟಳು.

"ಹಾಕ್ಕೋ ಅಕ್ಕಾ. ಯಾರಿಗೂ ಹೇಳ್ಬೇಡ. ಈ ಹೊಸ ಬೂಟುಗಳು ಕಚ್ಚಿ ಪ್ರಾಣ ತಿನ್ನುತ್ವೆ. ಬೀದಿ ಮೂಲೆ ತಿರುಗಿದ್ಮೇಲೆ ನಾನು ಇದನ್ನೇ ಹಾಕ್ಕೊಂಡು ಮನೆ ಸೇರೋದು."

"ಮತ್ತೆ ಇವತ್ತು ನೀನು?"

"ಕುಂಟ್ತೀನಿ. ಇವರು ಬೆನ್ನು ಹಿಡ್ಕೊಂಡು ಬರ್ತಾರೆ, ನಾನು ಕಾಲು ಹಿಡ್ಕೊಂಡು. ಜೋಡಿ ಚೆನ್ನಾಗಿರುತ್ತೆ!"

ಓರಗಿತ್ತಿಯರಿಬ್ಬರೂ ನಕ್ಕರು. ಎಷ್ಟು ನಕ್ಕರೆಂದರೆ, ಅತ್ತೆ ಬದುಕಿದ್ದಾಗ ಅವಳಿಗೆ ಕಾಣದಂತೆ ಉಗ್ರಾಣದಲ್ಲಿ ಹೀಗೆ ನಕ್ಕದ್ದೇ ಕೊನೆ.

ಲೋರಿಸ್ ಹೆಂಡತಿಯ ಹೆಗಲು ಹಿಡಿದು, ನೋರ್ಮಾ ಗಂಡನ ಸೊಂಟ ಹಿಡಿದು, ದೀಪ ಹತ್ತುವ ಹೊತ್ತಿಗೆ ಮನೆ ಸೇರಿದರು. ನೋರ್ಮಾ ಅಡುಗೆಮನೆಯಲ್ಲಿ ಕೂತು ಲಂಗ ಮೇಲೆತ್ತಿ ಝಿಪ್ಪಿಗೆ ಕೈ ಹಾಕಿದಳು. ಸರ್ರೆಂದು ಬಿಚ್ಚಿಕೊಂಡಿತು! ಇನ್ನೊಂದೂ ಸರ್ರೆಂದಿತು.

"ಇಷ್ಟು ಸಲೀಸಾಗಿದೆ! ಅಲ್ಲಿ ಅಷ್ಟು ಹೊತ್ತು ಏನು ಮಾಡ್ತಿದ್ದೆಯೋ?"

"ಝಿಪ್ ಎಲ್ಲಿ ಕಾಣ್ತಿತ್ತು ನಂಗೆ?" ಎಂದ ಲೋರಿಸ್, ಮಂಡಿಗೆ ಬಿಸಿನೀರಿನ ಚೀಲ ಒತ್ತಿಕೊಳ್ಳುತ್ತ. "ಕನ್ನಡಕ ಮನೇಲೇ ಬಿಟ್ಟುಹೋಗಿದ್ದೆ. ದೂರದ ಗೋಪುರದ ಗಡಿಯಾರ ಕಾಣ್ತಿತ್ತು. ಹತ್ತಿರದ್ದು ಒಂದೂ ಕಾಣ್ತಿರ್ಲಿಲ್ಲ."

ನೋರ್ಮಾಳ ಕೈಯಲ್ಲಿದ್ದ ಬೂಟು ಕೆಳಗೆ ಬಿತ್ತು. "ಹಾಗಾದ್ರೆ... ತಲೆಯೆತ್ತಿ ನನ್ನ ಮುಖ ನೋಡಿದೆಯಲ್ಲ? ಆವಾಗ?"

"ಬರೀ ಮಸುಕು."

ಊರಿಗೆ ಊರೇ ನೋಡಿತು. ನೋಡಬೇಕಾದವನಿಗೆ ಮಾತ್ರ ಕಾಣಲೇ ಇಲ್ಲ! ನೋರ್ಮಾಳ ಜಂಭವೆಲ್ಲ ಇಳಿದು ಒದ್ದೆ ರಟ್ಟಾಯಿತು. ಅವಳು ಸಾರು ಬಿಸಿಮಾಡಲು ಎದ್ದಳು.

"ಆದ್ರೆ ಒಂದು ಹೇಳ್ಲಾ ನೋರ್ಮಾ?" ಹಿಂದಿನಿಂದ ಲೋರಿಸನ ದನಿ ಬಂತು. "ಮಸುಕು ಮಸುಕಾಗಿ ನೀನು ಥೇಟ್ ಆವತ್ತಿನ ಹುಡುಗಿ ಥರಾನೇ ಕಾಣ್ತಿದ್ದೆ."

ನೋರ್ಮಾ ಸೌಟು ಹಿಡಿದು ನಿಂತಳು. ಇದೇ ಸೌಟಿನಲ್ಲಿ ಬಡಿಯಬೇಕೋ, ಮೊದಲು ಇವನಿಗೇ ಸಾರು ಬಡಿಸಬೇಕೋ ತಿಳಿಯಲಿಲ್ಲ.

"ನನ್ನ ಕನ್ನಡಕ ಅಲ್ಲೆಲ್ಲಾದ್ರೂ ಇದೆಯಾ, ನೋಡ್ತೀಯಾ?" ಎಂದ ಲೋರಿಸ್.

ಕನ್ನಡಕ ಒಲೆಯ ಪಕ್ಕದಲ್ಲೇ ಇತ್ತು. ನೋರ್ಮಾ ಅದರ ಮೇಲೆ ಸಾರಿನ ಪಾತ್ರೆಯ ಮುಚ್ಚಳ ಕವುಚಿ, ತಲೆಗೂದಲು ಸರಿಮಾಡಿಕೊಂಡು ಅವನ ಹತ್ತಿರಕ್ಕೆ ಬಂದು ಕೂತಳು.

"ಎಲ್ಲೂ ಕಾಣ್ತಿಲ್ಲ," ಎಂದಳು. "ನಾಳೆ ಹುಡುಕೋಣ ಬಿಡು."