ಬಿ ವಿಂಗಿನ ಬುದ್ಧಿವಂತ

ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಕೋಣೆ ತಂಪಾಗುತ್ತದೆಯೇ ಎಂದು ಯಾರೋ ಪುಣ್ಯಾತ್ಮ ಇಂಟರ್ನೆಟ್ಟಿನಲ್ಲಿ ಕೇಳದೆ ಇದ್ದಿದ್ದರೆ ಸಿದ್ದಾರೂಢನ ಆ ಭಾನುವಾರ ಎಲ್ಲ ಭಾನುವಾರಗಳಂತೆ ಗೊರಕೆಯಲ್ಲಿ ಸುಖವಾಗಿ ಕಳೆದುಹೋಗುತ್ತಿತ್ತು.

ಸಿದ್ದಾರೂಢ ಮರಾಠಿ ನಾಡಿಗೆ ಬಂದು ನೆಲೆಸಿದವನು, ಅಲ್ಲಿನ ಶಿವಾಜಿನಗರದ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಡಿಸ್ಪ್ಯಾಚ್ ಕ್ಲಾರ್ಕು. ವಾರಕ್ಕೆ ಆರು ದಿನ ಬಿಬವೇವಾಡಿಯಿಂದ ಬಸ್ಸಿನಲ್ಲಿ ನಿಂತು ಹೋಗಿ ನಿಂತೇ ಬರುವವನು. ದಣಿವು ಅವನ ಮೈಗೆ ಹಳೆಯ ಬನಿಯನ್ನಿನಂತೆ ಒಗ್ಗಿಹೋಗಿತ್ತು. ಅವನಿಗಿದ್ದ ಸುಖಗಳು ಎರಡೇ. ಒಂದು, ಭಾನುವಾರ ಊಟವಾದ ಮೇಲಿನ ನಿದ್ದೆ. ಇನ್ನೊಂದು, ಶನಿವಾರ ಸಂಜೆ ತಾನಿದ್ದ ಫ್ಲ್ಯಾಟುಗಳ ಸೊಸೈಟಿಯ ಕೆಳಗಿನ ಅಂಗಡಿ ಸಾಲಿನಲ್ಲಿದ್ದ ಸೈಬರ್ ಕೆಫೆಗೆ ಹೋಗಿ, ಒಂದು ಚರ್ಚೆಯ ತಾಣವನ್ನು ಓದುವುದು. ಅಲ್ಲಿ ಜಗತ್ತಿನ ಕೆಲಸವಿಲ್ಲದ ಜಾಣರೆಲ್ಲ ಸೇರಿ ಸೊನ್ನೆಯಿಂದ ಭಾಗಿಸಿದರೆ ಏನಾಗುತ್ತದೆ, ಯಂತ್ರಕ್ಕೆ ಬುದ್ಧಿ ಬರುತ್ತದೆಯೇ, ಬಿಸಿನೀರು ಬೇಗ ಹೆಪ್ಪುಗಟ್ಟುತ್ತದೆಯೋ ತಣ್ಣೀರೋ ಎಂದು ಹಲ್ಲು ಕಡಿದು ಜಗಳವಾಡುತ್ತಿದ್ದರು. ಸಿದ್ದಾರೂಢ ಒಂದಕ್ಷರ ಬರೆದವನಲ್ಲ. ಇಷ್ಟು ದೊಡ್ಡ ಜಗಳದಲ್ಲಿ ತನ್ನ ಪಾಲು ಏನೂ ಇಲ್ಲ ಎಂಬುದೇ ಅವನಿಗೆ ವಿಶ್ರಾಂತಿಯಾಗಿತ್ತು.

ಆದರೆ ಎರಡು ಸಾವಿರದ ನಾಲ್ಕರ ಆ ಮೇ ತಿಂಗಳ ಶನಿವಾರ ಫ್ರಿಜ್ಜಿನ ಪ್ರಶ್ನೆ ಬಂತು. ಜಾಣರು ಸೂತ್ರಗಳ ಮೇಲೆ ಸೂತ್ರ ಬರೆದು ಗುದ್ದಾಡುತ್ತಿದ್ದರು. ಸಿದ್ದಾರೂಢನ ಕೈ ತುರಿಸಿತು. ಯಾಕೆಂದರೆ ಅವನು ಅದನ್ನು ಮಾಡಿ ನೋಡಿದ್ದ. ಹಿಂದಿನ ಬೇಸಿಗೆಯಲ್ಲಿ ಹೆಂಡತಿ ನೀರಜಾ ತವರಿಗೆಂದು ಅಥಣಿಗೆ ಹೋದಾಗ, ಸೆಕೆ ತಾಳಲಾರದೆ ಫ್ರಿಜ್ಜಿನ ಬಾಗಿಲು ತೆರೆದು ಅದರ ಮುಂದೆ ಹಾಸಿಗೆ ಹಾಸಿದ್ದ. ಮುಖ ತಂಪಾಯಿತು, ಕೋಣೆ ಭಟ್ಟಿಯಾಯಿತು, ದೋಸೆ ಹಿಟ್ಟು ಉಬ್ಬಿ ಪಾತ್ರೆಯಿಂದ ಹೊರಗೆ ಬಂತು. ಊರಿಂದ ಬಂದ ನೀರಜಾ ಎರಡು ದಿನ ಮಾತಾಡಿರಲಿಲ್ಲ. ಇಷ್ಟು ನಷ್ಟ ಮಾಡಿಕೊಂಡು ಕಲಿತದ್ದನ್ನು ಹೇಳದೆ ಹೇಗಿರುವುದು?

ಬರೆಯಬೇಕೆಂದರೆ ಆ ತಾಣದಲ್ಲಿ ಹೆಸರು ನೋಂದಾಯಿಸಿ, ಒಂದು ಬುದ್ಧಿ ಪರೀಕ್ಷೆ ಕೊಡಬೇಕಿತ್ತು. ಬಂದ ಅಂಕ ನಿಮ್ಮ ಹೆಸರಿನ ಪಕ್ಕ ಅಂಟಿಕೊಳ್ಳುತ್ತಿತ್ತು. ಉಳಿದವರೆಲ್ಲ ಬ್ಲ್ಯಾಕ್ ಹೋಲ್, ಅನಂತ, ನಿಶಾಚರ ಎಂದೆಲ್ಲ ಕಳ್ಳ ಹೆಸರು ಇಟ್ಟುಕೊಂಡಿದ್ದರು. ಸಿದ್ದಾರೂಢನಿಗೆ ಅದು ಹೊಳೆಯಲಿಲ್ಲ. ವರ್ಷಗಟ್ಟಲೆ ಪಾರ್ಸೆಲ್ಲುಗಳ ಮೇಲೆ ವಿಳಾಸ ಬರೆದ ಕೈ. ತನ್ನ ಹೆಸರು, ಬಿ ವಿಂಗು, ಫ್ಲ್ಯಾಟು ಏಳು, ಸೊಸೈಟಿ, ಬಿಬವೇವಾಡಿ, ಪಿನ್ ಕೋಡು ಸಮೇತ ತುಂಬಿಬಿಟ್ಟ. ಪರೀಕ್ಷೆಯಲ್ಲಿ ನೂರಾ ನಲವತ್ತೆಂಟು ಬಂತು. ಪರದೆಯ ಮೇಲೆ ಪಟಾಕಿ ಹಾರಿದವು. ಹಣ ಕಳಿಸಿದರೆ ಚಿನ್ನದ ಅಂಚಿನ ಪ್ರಮಾಣಪತ್ರ ಮನೆಗೇ ಬರುತ್ತದೆ ಎಂದು ಕೆಳಗೆ ಜಾಹೀರಾತು ಮಿನುಗಿತು.

ಪಕ್ಕದ ಕುರ್ಚಿಯಲ್ಲಿ ಕ್ರಿಕೆಟ್ ಸ್ಕೋರು ನೋಡುತ್ತಿದ್ದ ಈರಣ್ಣ ಕತ್ತು ಚಾಚಿದ. ಇವನು ಬಿ ವಿಂಗಿನವನೇ, ಬ್ಯಾಂಕಿನ ಕ್ಯಾಶಿಯರ್. ನೋಟು ಬಿಟ್ಟರೆ ಬೇರೆ ಏನನ್ನೂ ತನ್ನ ಹತ್ತಿರ ಇಟ್ಟುಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ.

"ಏನ್ರಿ ಇದು, ನೂರಾ ನಲವತ್ತೆಂಟು? ಬಿ.ಪಿ. ಏನ್ರಿ?"

"ಅಲ್ರಿ. ಬುದ್ಧಿ."

"ಯಾರದು?"

"ನಂದ."

ಈರಣ್ಣ ಅವನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಕ್ರಿಕೆಟ್ಟನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋದ. ಸಿದ್ದಾರೂಢ ಫ್ರಿಜ್ಜಿನ ವಿಷಯ, ದೋಸೆ ಹಿಟ್ಟಿನ ಸಮೇತ ಬರೆದು ಮನೆಗೆ ಬಂದ. ಮಲಗುವಾಗ ಮನಸ್ಸು ಹಗುರವಾಗಿತ್ತು.

ಬೆಳಿಗ್ಗೆ ಹಾಲಿನವನಿಗಿಂತ ಮೊದಲೇ ಬೆಲ್ಲು ಬಾರಿಸಿದವರು ಮೇಲಿನ ಮನೆಯ ಗಂಗೂಬಾಯಿ. ಕೈಯಲ್ಲಿ ಉಪ್ಪಿನಕಾಯಿ ಭರಣಿ.

"ತಮ್ಮಾ, ಈರಣ್ಣ ಹೇಳಿದಾ. ಇದರ ಮುಚ್ಚಳಾ ಮೂರು ದಿನಾ ಆತು ಬರವಲ್ದು. ನಿನ್ನ ಬುದ್ಧಿ ಹಚ್ಚಿ ಸ್ವಲ್ಪ ತೆಗದು ಕೊಡು."

"ಅಕ್ಕಾರ, ಅದಕ್ಕ ಬುದ್ಧಿ ಯಾಕ ಬೇಕ್ರಿ, ಕೈಯಾಗ ಶಕ್ತಿ ಬೇಕು."

"ಶಕ್ತಿ ಇದ್ದವರು ಎಲ್ಲಾರೂ ಜಗ್ಗಿ ನೋಡ್ಯಾರ. ಇನ್ನ ಉಳದದ್ದು ಬುದ್ಧಿ ಒಂದ."

ಸಿದ್ದಾರೂಢ ಜಗ್ಗಿದ. ಮುಚ್ಚಳ ಬರಲಿಲ್ಲ, ಭರಣಿ ಜಾರಿ ಬಿದ್ದು ಒಡೆಯಿತು. ಉಪ್ಪಿನಕಾಯಿ ಎಣ್ಣೆ ಹೊಸ್ತಿಲ ತುಂಬ ಹರಿಯಿತು. ಗಂಗೂಬಾಯಿ ಒಂದು ನಿಮಿಷ ಒಡೆದ ಭರಣಿಯನ್ನು ನೋಡಿ, "ಹೌದಲ್ಲಾ! ಒಡದರ ಸಾಕಿತ್ತು, ನಮಗ ಹೊಳೀಲೇ ಇಲ್ಲ ನೋಡು," ಎಂದು ಮಾವಿನ ಹೋಳುಗಳನ್ನು ಬಟ್ಟಲಿಗೆ ಆರಿಸಿಕೊಂಡು ಹೊಗಳುತ್ತ ಹೋದರು.

ನೆಲ ಒರೆಸುತ್ತಿದ್ದ ನೀರಜಾ ತಲೆಯೆತ್ತಿದಳು. "ಇಷ್ಟು ವರ್ಷ ಸಂಸಾರ ಮಾಡಿದ ನನಗ ಕಾಣದ ಬುದ್ಧಿ, ಆ ಕಂಪ್ಯೂಟರ್ ಡಬ್ಬಿಗೆ ಅರ್ಧಾ ತಾಸಿನಾಗ ಹೆಂಗ ಕಾಣಸ್ತು ಅಂತೀನಿ!"

ಅವನಿಗೂ ಅದೇ ಪ್ರಶ್ನೆಯಿತ್ತು. ಉತ್ತರ ಹುಡುಕುವ ಮೊದಲೇ ಕೆಳಗಿನಿಂದ ಕೂಗು ಬಂತು. ನೀರಿನ ಪಂಪು ನಿಂತಿತ್ತು. ಲುಂಗಿಯಲ್ಲಿದ್ದವನನ್ನು ಹಾಗೆಯೇ ಎಳೆದುಕೊಂಡು ಹೋಗಿ ಪಂಪಿನ ಎದುರು ನಿಲ್ಲಿಸಿದರು. ಸುತ್ತ ಬಕೀಟು ಹಿಡಿದ ಜನ.

"ಎಲೆಕ್ಟ್ರಿಶಿಯನ್ನನ ಕರೀರಿ," ಎಂದ ಸಿದ್ದಾರೂಢ.

"ನೋಡ್ರಿ, ಬುದ್ಧಿವಂತರ ಲಕ್ಷಣ," ಎಂದ ಈರಣ್ಣ. "ಮೊದಲ ತಮಗೇನೂ ಗೊತ್ತಿಲ್ಲ ಅಂತಾರ."

"ನನಗ ಖರೇನ ಗೊತ್ತಿಲ್ರಿ!"

"ನಮ್ರತಾ ನೋಡ್ರಿ, ನಮ್ರತಾ!"

ಸಿದ್ದಾರೂಢನಿಗೆ ಸಿಟ್ಟು ನೆತ್ತಿಗೇರಿತು. ಇನ್ನೂ ಚಹಾ ಕುಡಿದಿರಲಿಲ್ಲ, ಕಾಲಿಗೆ ಉಪ್ಪಿನಕಾಯಿ ಎಣ್ಣೆ ಮೆತ್ತಿತ್ತು. ಒಂದು ಚಪ್ಪಲಿ ಕಳಚಿ ಆ ಪಂಪಿನ ತಲೆಗೆ ಪಟಾರನೆ ಹೊಡೆದ. ಅದು ಈರಣ್ಣನಿಗೆ ಬೀಳಬೇಕಾದ ಏಟು. ಪಂಪು ಒಮ್ಮೆ ಕೆಮ್ಮಿ, ಗುಂಯ್ ಎಂದು ಸುರುವಾಯಿತು. ಜನ ಚಪ್ಪಾಳೆ ತಟ್ಟಿದರು. ಎ ವಿಂಗಿನ ಮರಾಠಿ ಮಂದಿ "ವ್ಹಾ, ವ್ಹಾ" ಎಂದರು. ಎಲ್ಲಿ ಹೊಡೆದರು, ಯಾವ ಕೋನದಲ್ಲಿ ಹೊಡೆದರು ಎಂದು ಇಬ್ಬರು ಬಗ್ಗಿ ನೋಡಿದರು.

ಅವರನ್ನು ಸರಿಸಿಕೊಂಡು ಮುಂದೆ ಬಂದವರು ಅಪ್ಪಾಸಾಹೇಬರು. ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ. ಹನ್ನೊಂದು ವರ್ಷಗಳಿಂದ ಸೊಸೈಟಿಯ ಸೆಕ್ರೆಟರಿ. ಸೆಕ್ರೆಟರಿ ಎಂದರೆ ಸೋರುವ ನಲ್ಲಿ, ನಿಲ್ಲುವ ಲಿಫ್ಟು, ಬೊಗಳುವ ನಾಯಿ, ಪಾರ್ಕಿಂಗಿನ ಜಗಳ, ಎಲ್ಲಕ್ಕೂ ಬೈಸಿಕೊಳ್ಳುವ ಸಂಬಳವಿಲ್ಲದ ಆಳು. ಅಪ್ಪಾಸಾಹೇಬರು ಸ್ನಾನಕ್ಕೆ ಕೂತರೂ ಜನ ಬಾತ್ರೂಮಿನ ಕಿಟಕಿಯಿಂದ ದೂರು ಹೇಳುತ್ತಿದ್ದರು. ಪ್ರತಿ ವರ್ಷ ಸಾಮಾನ್ಯ ಸಭೆಯಲ್ಲಿ ಅವರು ರಾಜೀನಾಮೆ ಕೊಡುತ್ತಿದ್ದರು, ಪ್ರತಿ ವರ್ಷ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಸಭೆಗೆ ಬಾರದವನನ್ನೇ ಆರಿಸುವ ಪದ್ಧತಿ ಇದ್ದುದರಿಂದ ಜ್ವರ ಬಂದವರೂ ಕಂಬಳಿ ಹೊದ್ದು ಬಂದು ಕೂರುತ್ತಿದ್ದರು.

"ಸಿದ್ದಾರೂಢ," ಎಂದು ಅಪ್ಪಾಸಾಹೇಬರು ಅವನ ಎರಡೂ ಕೈ ಹಿಡಿದರು. ಅವರ ಕಣ್ಣಲ್ಲಿ ನೀರಿತ್ತು. "ಇವತ್ತ ಸಂಜಿಗೆ ಜನರಲ್ ಮೀಟಿಂಗ್ ಅದ. ದೇವರು ಕಣ್ಣು ತೆರದಾ. ಇನ್ನ ಈ ಸೊಸೈಟಿ ನಿಮ್ಮ ಕೈಯಾಗ."

"ಸಾಹೇಬ್ರ, ನನ್ನ ಕೈಲೆ ಆಗಂಗಿಲ್ರಿ. ನನಗ ಇರೋದ ಒಂದ ಭಾನುವಾರ."

"ನೂರಾ ನಲವತ್ತೆಂಟು ಇದ್ದವರ ಕೈಲೆ ಆಗ್ಲಿಲ್ಲಂದ್ರ ಇನ್ಯಾರ ಕೈಲೆ ಆಗ್ತದ?"

ಸಿದ್ದಾರೂಢ ಮಧ್ಯಾಹ್ನ ಉಂಡು ಮಲಗಿದ, ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಬಾತ್ರೂಮಿನ ಕಿಟಕಿಯಲ್ಲಿ ತಲೆಗಳು ಕಾಣುತ್ತಿದ್ದವು. ಉಳಿದ ಆಯುಷ್ಯದ ಭಾನುವಾರಗಳೆಲ್ಲ ಒಂದೊಂದಾಗಿ ಕೈಬಿಟ್ಟು ಹೋಗುತ್ತಿರುವಂತೆ ಅನ್ನಿಸಿ ಎದ್ದು ಕೂತ. ಆಗ ಒಂದು ಉಪಾಯ ಹೊಳೆಯಿತು. ಬುದ್ಧಿಯಿಂದ ಬಂದ ಕುತ್ತು, ಬುದ್ಧಿ ಹೋದರೆ ಹೋಗುತ್ತದೆ. ಪರೀಕ್ಷೆ ಇನ್ನೊಮ್ಮೆ ಕೊಟ್ಟು, ಎಲ್ಲ ತಪ್ಪು ಬರೆದು, ಆ ಅಂಕದ ಕಾಗದವನ್ನು ಸಭೆಯಲ್ಲಿ ತೋರಿಸುವುದು!

ಕೆಫೆಗೆ ಹೋದರೆ ಅಲ್ಲಿ ಸರತಿ ಸಾಲು. ಅರ್ಧ ಸೊಸೈಟಿ ಅಲ್ಲಿತ್ತು. ಸಿದ್ದಾರೂಢನಂಥವನಿಗೇ ನೂರಾ ನಲವತ್ತೆಂಟು ಬಂದರೆ ತಮಗೆಷ್ಟು ಬರಬೇಡ ಎಂದು ಎಲ್ಲರೂ ಪರೀಕ್ಷೆಗೆ ನಿಂತಿದ್ದರು. ಹೊರಗೆ ಬರುವವರ ಮುಖ ಮದುವೆ ನಿಶ್ಚಯವಾದವರ ಹಾಗೆ ಹೊಳೆಯುತ್ತಿತ್ತು. ಆ ಕಡೆ ಗಮನ ಕೊಡುವಷ್ಟು ವ್ಯವಧಾನ ಸಿದ್ದಾರೂಢನಿಗೆ ಇರಲಿಲ್ಲ.

ಕೊನೆಗೆ ಕುರ್ಚಿ ಸಿಕ್ಕಿತು. ತಾಣ ತೆರೆದರೆ, ಅವನ ಫ್ರಿಜ್ಜಿನ ಉತ್ತರದ ಕೆಳಗೆ ನಾರ್ವೆ ದೇಶದ ಯಾರೋ ಬರೆದಿದ್ದರು: "ಇಷ್ಟು ಜನ ಲೆಕ್ಕ ಹಾಕಿದರು, ಒಬ್ಬರಾದರೂ ಮಾಡಿ ನೋಡಿದ್ದೀರಲ್ಲ. ಧನ್ಯವಾದ. ದೋಸೆ ಎಂದರೇನು?"

ಸಿದ್ದಾರೂಢ ಅದನ್ನು ಎರಡು ಸಲ ಓದಿದ. ಆಫೀಸಿನಲ್ಲಿ, ಬಸ್ಸಿನಲ್ಲಿ, ಮನೆಯಲ್ಲಿ ಯಾರೂ ಅವನಿಗೆ ಹೀಗೆ ಧನ್ಯವಾದ ಹೇಳಿದ್ದು ನೆನಪಿಗೆ ಬರಲಿಲ್ಲ. ಎದೆ ತುಂಬಿ ಬಂತು. ದೋಸೆಯ ಬಗ್ಗೆ ನಾಲ್ಕು ಸಾಲು ಬರೆಯೋಣವೆಂದು ಬೆರಳಿಟ್ಟ. ಅಷ್ಟರಲ್ಲಿ ಹೊರಗಿನಿಂದ ಅಪ್ಪಾಸಾಹೇಬರ ದನಿ ಕೇಳಿಸಿತು, "ಹೊಸಾ ಸೆಕ್ರೆಟರಿ ಎಲ್ಲಿದ್ದಾರ?" ದೋಸೆ ಆಮೇಲೆ ಎಂದುಕೊಂಡು ಪರೀಕ್ಷೆ ತೆರೆದ.

ಹೊಸ ಅಂಕ ಬಂದರೆ ಹಳೆಯದು ಅಳಿಸಿಹೋಗುತ್ತದೆ ಎಂದು ತಾಣ ಎಚ್ಚರಿಸಿತು. ಆಗಲಿ ಎಂದು ಒತ್ತಿದ. ಬೇಕೆಂದು ದಡ್ಡನಾಗುವುದು ಅವನು ಎಣಿಸಿದಷ್ಟು ಸುಲಭವಿರಲಿಲ್ಲ. ಸರಿ ಉತ್ತರ ಯಾವುದೆಂದು ಮೊದಲು ಕಂಡುಹಿಡಿದು, ಆಮೇಲೆ ಅದನ್ನು ತಪ್ಪಿಸಬೇಕಿತ್ತು. ಗೊತ್ತಿಲ್ಲದ ಪ್ರಶ್ನೆಗಳಲ್ಲಿ ಎಲ್ಲಿ ತಪ್ಪಿ ಸರಿಯಾಗಿಬಿಡುತ್ತದೋ ಎಂದು ಬೆವತುಹೋದ. ಕಡೆಗೆ ಐವತ್ತೆಂಟು ಬಂತು. ಪಟಾಕಿ ಹಾರಲಿಲ್ಲ. ಮುದ್ರಿಸಿದ ಕಾಗದವನ್ನು ಮಡಚಿ ಜೇಬಿಗಿಟ್ಟು, ಪ್ರಸಾದ ಸಿಕ್ಕವನಂತೆ ಸಭೆಗೆ ನಡೆದ.

ಸಭೆ ಪಾರ್ಕಿಂಗಿನಲ್ಲಿ. ಸೆಕೆಗೆ ಎಲ್ಲರೂ ನೋಟೀಸಿನ ಕಾಗದದಿಂದಲೇ ಗಾಳಿ ಹಾಕಿಕೊಳ್ಳುತ್ತಿದ್ದರು. ಅಪ್ಪಾಸಾಹೇಬರು ಬಾಯಿ ತೆರೆಯುವ ಮೊದಲೇ ಸಿದ್ದಾರೂಢ ಎದ್ದು ನಿಂತ.

"ನಿನ್ನಿ ಬಂದದ್ದು ತಪ್ಪಾಗಿತ್ರಿ. ಇವತ್ತ ಮತ್ತ ಪರೀಕ್ಷಾ ಕೊಟ್ಟೆ. ನನ್ನ ಬುದ್ಧಿ ಐವತ್ತೆಂಟು. ಇಲ್ಲಿ ಕಾಗದ ಅದ. ನಾ ಸೆಕ್ರೆಟರಿ ಆಗಲಿಕ್ಕ ಯೋಗ್ಯ ಅಲ್ಲ."

ಕಾಗದ ಕೈಯಿಂದ ಕೈಗೆ ಹೋಯಿತು. ಜನ ಅಯ್ಯೋ ಪಾಪ ಎಂದರು. ಗಂಗೂಬಾಯಿ, "ಆದ್ರೂ ಭರಣಿ ಛಲೋ ಒಡದಿದ್ದಾ," ಎಂದರು. ಸಿದ್ದಾರೂಢ ಕುರ್ಚಿಗೆ ಒರಗಿ, ಬೆಳಗಿನಿಂದ ಮೊದಲ ಸಲ ಸಮಾಧಾನದ ಉಸಿರು ಬಿಟ್ಟ.

"ಹಂಗಾದ್ರ ಈರಣ್ಣ ಆಗ್ಲಿ," ಎಂದರು ಯಾರೋ.

ಈರಣ್ಣ ಜೇಬಿನಿಂದ ತನ್ನ ಕಾಗದ ತೆಗೆದ. "ನಂದು ನೂರಾ ನಲವತ್ತೊಂದು. ಇಷ್ಟು ತಲಿ ಇಟಗೊಂಡು ಗಟಾರ ನೋಡಕೋತ ತಿರಗಾಡಲೇನ್ರಿ?"

ಎ ವಿಂಗಿನವರ ಜೇಬಿನಿಂದಲೂ ಕಾಗದಗಳು ಹೊರಬಂದವು. ನೂರಾ ಮೂವತ್ತೊಂಬತ್ತು, ನೂರಾ ನಲವತ್ತಾರು. ಗಂಗೂಬಾಯಿಯದೇ ನೂರಾ ಮೂವತ್ತೆಂಟಿತ್ತು, ಅದೂ ಇಂಗ್ಲಿಷ್ ಬಾರದೆ. ಅಪ್ಪಾಸಾಹೇಬರದು ನೂರಾ ಐವತ್ತೊಂದು. ಪ್ರಮಾಣಪತ್ರ ಮಾರುವ ಅಂಗಡಿ ಯಾರನ್ನು ದಡ್ಡ ಎಂದೀತು? ಪ್ರಯತ್ನಪಟ್ಟು ಕೆಡಿಸಿಕೊಂಡವನು ಸಿದ್ದಾರೂಢ ಒಬ್ಬನೇ.

ಆಮೇಲೆ ಸಭೆಯಲ್ಲಿ ಯಾರು ಹೇಳಿದ್ದನ್ನೂ ಯಾರೂ ಕೇಳಲಿಲ್ಲ. ನಾಲ್ಕನೇ ಮಹಡಿಗೆ ನೀರು ಯಾಕೆ ಏರುವುದಿಲ್ಲ ಎಂಬುದಕ್ಕೆ ಎಂಟು ಕಾರಣಗಳು ಹುಟ್ಟಿದವು. ಅಲ್ಲಿಂದ ಮಾತು ಸೆಕೆಗೆ, ಸೆಕೆಯಿಂದ ಫ್ರಿಜ್ಜಿಗೆ ಹೊರಳಿತು. ಬಾಗಿಲು ತೆರೆದಿಟ್ಟರೆ ಕೋಣೆ ತಂಪಾಗಲೇಬೇಕು ಎಂದು ಅಪ್ಪಾಸಾಹೇಬರು ಮೇಜು ಗುದ್ದಿದರು.

"ಆಗಂಗಿಲ್ರಿ ಸಾಹೇಬ್ರ, ನಾ ಮಾಡಿ ನೋಡೇನಿ," ಎಂದ ಸಿದ್ದಾರೂಢ.

ಎಲ್ಲರೂ ಅವನ ಕಡೆ ಕನಿಕರದಿಂದ ನೋಡಿದರು. "ಕೂಡ್ರಪಾ, ನಿನಗ ಅದೆಲ್ಲಾ ತಿಳಿಯಂಗಿಲ್ಲ," ಎಂದರು ಗಂಗೂಬಾಯಿ ಪ್ರೀತಿಯಿಂದಲೇ.

ಅಪ್ಪಾಸಾಹೇಬರು ಐವತ್ತೆಂಟರ ಕಾಗದವನ್ನು ಕೈಗೆ ತೆಗೆದುಕೊಂಡು ಮತ್ತೊಮ್ಮೆ ಓದಿದರು. ಆಮೇಲೆ ಎದ್ದು ನಿಂತರು.

"ಮಂಡಳೀ, ಈಗ ನನಗ ತಿಳೀತು. ನಾವೆಲ್ಲಾ ವಿಚಾರ ಮಾಡೋ ಮಂದಿ. ಸೆಕ್ರೆಟರಿಗೆ ವಿಚಾರ ಯಾಕ ಬೇಕು? ಹೇಳಿದ್ದು ಕೇಳಬೇಕು, ಕರದಲ್ಲೆ ಬರಬೇಕು. ಹನ್ನೊಂದು ವರ್ಷ ನನ್ನಂಥಾವನ್ನ ಈ ಕೆಲಸಕ್ಕ ಹಚ್ಚಿ ನನ್ನ ಬುದ್ಧಿ ಹಾಳು ಮಾಡಿದ್ರಿ. ಈ ಸೊಸೈಟಿಯಾಗ ಇದಕ್ಕ ತಕ್ಕ ಮನಷಾ ಒಬ್ಬನ ಇದ್ದಾನ, ಕಾಗದಾ ಸಹಿತ!"

ಸಿದ್ದಾರೂಢ ಬಾಯಿ ತೆರೆಯುವಷ್ಟರಲ್ಲಿ ಚಪ್ಪಾಳೆ ಬಿದ್ದಿತ್ತು. ಪಂಪಿನ ಕೋಣೆ, ಲಿಫ್ಟು, ಮೀಟರ್ ಬೋರ್ಡು, ಎಲ್ಲದರ ಬೀಗದ ಕೈಗಳ ಗೊಂಚಲನ್ನು ಅಪ್ಪಾಸಾಹೇಬರು ಅವನ ಮಡಿಲಿಗೆ ಹಾಕಿ, ಹುಡುಗನ ಹಾಗೆ ಮೆಟ್ಟಿಲು ಹಾರಿಕೊಂಡು ಮನೆಗೆ ಹೋದರು.

ಸಿದ್ದಾರೂಢ ಮನೆಗೆ ಹೋಗಲಿಲ್ಲ. ನೀರಜಾಳಿಗೆ ಯಾವ ಮುಖದಿಂದ ಹೇಳುವುದು? ಕಾಲುಗಳು ಕೆಫೆಗೆ ಕರೆದುಕೊಂಡು ಹೋದವು. ನಾರ್ವೆಯವರಿಗೆ ದೋಸೆಯ ಉತ್ತರವಾದರೂ ಬರೆಯೋಣ, ಅಷ್ಟೇ ಸಮಾಧಾನ, ಎಂದು ತಾಣ ತೆರೆದ. ಅವನ ಹೆಸರಿನ ಪಕ್ಕ ಐವತ್ತೆಂಟು ಎಂದಿತ್ತು. ತೊಂಬತ್ತಕ್ಕಿಂತ ಕಡಿಮೆ ಅಂಕದವರು ಓದಬಹುದು, ಬರೆಯುವಂತಿಲ್ಲ ಎಂದು ಕೆಂಪು ಅಕ್ಷರದಲ್ಲಿ ಬಂತು. ಆ ಅಂಕ ನೋಡಿಯೋ ಏನೋ, ನಾರ್ವೆಯವರು ತಮ್ಮ ಧನ್ಯವಾದವನ್ನು ಅಳಿಸಿದ್ದರು. ಆ ಜಾಗದಲ್ಲಿ ಈಗಷ್ಟೇ ಬರೆದ ಹೊಸ ಉತ್ತರವಿತ್ತು: "ತೆರೆದಿಟ್ಟರೆ ಖಂಡಿತ ತಂಪಾಗುತ್ತದೆ. ನಮ್ಮ ಸೊಸೈಟಿಯವರೆಲ್ಲ ಕೂಡಿ ಈಗ ಪ್ರಯೋಗ ಮಾಡುತ್ತಿದ್ದೇವೆ. ಈರಣ್ಣ, ಬಿ ವಿಂಗು, ಫ್ಲ್ಯಾಟು ಮೂರು, ಬಿಬವೇವಾಡಿ."

ಅವನು ಓದಿ ಮುಗಿಸುವಷ್ಟರಲ್ಲಿ ಪರದೆ ಕಪ್ಪಾಯಿತು. ಫ್ಯಾನು ನಿಂತಿತು. ಹೊರಗೆ ಬಂದು ನೋಡಿದರೆ ಎರಡೂ ವಿಂಗುಗಳಲ್ಲಿ ಒಂದು ದೀಪವೂ ಇರಲಿಲ್ಲ.

"ಸೆಕ್ರೆಟರೀ! ಓ ಸೆಕ್ರೆಟರೀ!" ಕತ್ತಲೆಯೊಳಗಿನಿಂದ ಅಪ್ಪಾಸಾಹೇಬರ ಕೂಗು ಬಂತು. "ಲಗೂನ ಬರ್ರಿ, ಫ್ಯೂಜ್ ಹೋಗ್ಯಾವ!"

"ಫ್ರಿಜ್ಜಿನ ಬಾಗಲಾ ಮೊದಲ ಹಾಕ್ರಿ ಸಾಹೇಬ್ರ!" ಎಂದು ಸಿದ್ದಾರೂಢ ಕೆಳಗಿನಿಂದ ಕೂಗಿದ. "ನಾ ಹೇಳಿದ್ದಿಲ್ಲೇನ್ರಿ?"

"ಅದು ವಿಜ್ಞಾನದ ವಿಷಯ, ನೀವು ತಲಿ ಕೆಡಿಸ್ಕೋಬ್ಯಾಡ್ರಿ. ನೀವು ಬರೇ ಫ್ಯೂಜ್ ಹಾಕ್ರಿ, ನಾವು ಮತ್ತ ತೆರದು ನೋಡ್ತೀವಿ!"

ಸಿದ್ದಾರೂಢ ಬೀಗದ ಕೈಗಳ ಗೊಂಚಲನ್ನು ತಡವರಿಸುತ್ತ ಮೀಟರ್ ಬೋರ್ಡಿನ ಕಡೆ ನಡೆದ.