ಬಾಗಿಲು ಬಡಿಯುವ ಮಾವ

ಬಾಗಿಲು ಬಡಿದು ಒಳಗೆ ಬರಬೇಕು ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಕಲಿಸಿದ್ದರು. ನನ್ನ ಸೋದರಮಾವ ಬಾಗಿಲು ಬಡಿಯುತ್ತಾರೆ, ಒಳಗೆ ಮಾತ್ರ ಬರುವುದಿಲ್ಲ! ಹೊಸ್ತಿಲಾಚೆ ನಿಂತು ಮೇಲೊಮ್ಮೆ, ನಡುವೊಮ್ಮೆ, ಕೆಳಗೊಮ್ಮೆ ಬೆರಳಿನ ಗೆಣ್ಣಿನಿಂದ ಕುಟ್ಟಿ, ಸಾಗವಾನಿಯೋ ಬೇವೋ ತೀರ್ಮಾನವಾದ ಮೇಲೆಯೇ ಅವರ ಚಪ್ಪಲಿ ಕಳಚುವುದು. ಅಷ್ಟರಲ್ಲಿ ಚಹಾ ಆರಿರುತ್ತದೆ.

ಇಲ್ಲೇ ಗಜೇಂದ್ರಗಡದಲ್ಲಿ ಮರ ಕೊಯ್ದು ಮಾರುವ ಕಟ್ಟಿಗೆ ಅಡ್ಡೆಯೊಂದಕ್ಕೆ ಅವರು ಮೂವತ್ತು ವರ್ಷದಿಂದ ಮ್ಯಾನೇಜರು. ಮಗನಿಗೆ ಹೆಣ್ಣು ನೋಡಲು ರೋಣಕ್ಕೆ ಹೋದಾಗ ನಾವೆಲ್ಲ ಹುಡುಗಿಯನ್ನು ನೋಡಿದರೆ, ಇವರು ಪಡಸಾಲೆಯ ಬಾಗಿಲು ಕುಟ್ಟುತ್ತ ನಿಂತಿದ್ದರು. ಹೇಗಿದ್ದಾಳೆ ಎಂದು ಅತ್ತೆ ಕೇಳಿದರೆ, ಮೂರು ತಲೆಮಾರಿಗೆ ಅಡ್ಡಿಯಿಲ್ಲ ಎಂದರಂತೆ! ಮದುವೆಯೂ ಆಯಿತೆನ್ನಿ. ನರಗುಂದದ ನೆಂಟರ ಹೊಸ ಮನೆಗೆ ಫೈಬರ್ ಬಾಗಿಲು. ಒಂದೇ ಸಲ ಕುಟ್ಟಿ, ಸಾವಾದ ಮನೆಗೆ ಬಂದವರಂತೆ ತಲೆ ತಗ್ಗಿಸಿ ಕೂತು, ಹೋಳಿಗೆಯನ್ನೂ ಒಂದೇ ತಿಂದು ಎದ್ದರು.

ಅಡ್ಡೆಯ ಸಾಹುಕಾರರಿಗೆ ಗರಗಸ ಬಿಚ್ಚಿಸಿ ಪ್ಲೈವುಡ್ ಅಂಗಡಿ ತೆರೆಯುವ ಆಸೆ. ಮಾವನ ಭವಿಷ್ಯವಾಣಿಯೇ ಬೇರೆ. “ಇನ್ನ ಹತ್ತ ವರ್ಷಕ್ಕ ಮಂದಿ ಇವನ್ನೆಲ್ಲಾ ಕಿತ್ತೊಗದು ಕಟ್ಟಿಗಿ ಹುಡಿಕ್ಕೋತ ಬರ್ತಾರ ನೋಡ್ರಿ.” ಕುಟ್ಟಿ ಆರಿಸುವ ಇಂಥ ಕಿವಿ ಇರುವ ತನಕ ನಡೆಯಲಿ ಎಂದು ಸಾಹುಕಾರರು ಸುಮ್ಮನಿದ್ದರು.

ಹೋದ ವರ್ಷ ನಮ್ಮ ಮನೆ ಕಟ್ಟುವಾಗ ನಮ್ಮವರಿಗೆ ಸ್ಟೀಲ್ ಬಾಗಿಲಿನ ಮೇಲೆ ಮನಸ್ಸು. ಮಾವ ರೊಟ್ಟಿ ತಿನ್ನುವುದನ್ನೇ ಬಿಟ್ಟಾರೆಂದು ಹೆದರಿ, ಬಾಗಿಲಿಗೆ ಕಟ್ಟಿಗೆ ಆರಿಸಲು ನಾನೇ ಅಡ್ಡೆಗೆ ಹೋದೆ. ಮಾವ ಹಲಗೆಯೊಂದನ್ನು ಕುಟ್ಟಿ, ನನ್ನ ತುಟಿಯನ್ನೇ ನೋಡುತ್ತ ಏನನ್ನುತ್ತದೆ ಹೇಳು ಎಂದರು. ಈ ವಯಸ್ಸಿನಲ್ಲಿ ನನಗೆ ಪರೀಕ್ಷೆಯೇ? ಟೊಳ್ಳು ಅಂದೆ, ಬದಿಗೆ ಸರಿಸಿದರು. ಇನ್ನೊಂದನ್ನು ಗಟ್ಟಿ ಅಂದೆ; ಸುಣ್ಣದ ಕಡ್ಡಿಯಿಂದ ಗುರುತು ಹಾಕಿದರು. ಮೂರನೆಯದನ್ನು ಕುಟ್ಟುವಾಗ ಬೆನ್ನ ಹಿಂದೆಯೇ ಗರಗಸ ಚೀರತೊಡಗಿತು. ನಾನು ಕಿವಿ ಮುಚ್ಚಿಕೊಂಡೆ. ಮಾವ ಹುಬ್ಬೂ ಅಲುಗಿಸದೆ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

ಗರಗಸ ನಿಂತ ಮೇಲೆ ನನ್ನ ಮುಖ ನೋಡಿ ಅವರಿಗೇ ತಿಳಿಯಿತು.

“ಮೂವತ್ತ ವರ್ಷ ಅದರ ಬಾಜೂಕ ನಿಂತೇನವಾ, ಕಿವಿ ತಿಂದಬಿಟ್ಟೈತಿ. ಸಾಹುಕಾರ್ರಿಗೆ ಹೇಳಬ್ಯಾಡ. ನಾಳೇನ ಬಿಚ್ಚಸ್ತಾರ.”

ಹೇಳಲಿಲ್ಲ. (ಸಾಹುಕಾರರು ಇಂಥದ್ದೆಲ್ಲ ಓದುವವರಲ್ಲ, ಆ ಧೈರ್ಯದಿಂದ ಬರೆಯುತ್ತಿದ್ದೇನೆ.) ಈಗ ಹೊಸ ಮಾಲು ಬಂದ ದಿನ ಚಕ್ಕುಲಿ ಡಬ್ಬಿಯ ನೆಪ ಮಾಡಿಕೊಂಡು ಅಡ್ಡೆಗೆ ಹೋಗುತ್ತೇನೆ. ಮಾವ ಕುಟ್ಟುತ್ತಾರೆ. ಗಟ್ಟಿಯಿದ್ದರೆ ನಾನು ಸೆರಗು ಸರಿಮಾಡಿಕೊಳ್ಳುತ್ತೇನೆ. ಅಡ್ಡೆ ನಡೆದಿದೆ!

ನಮ್ಮ ಮನೆಗೆ ಬಂದರೆ ಇವತ್ತಿಗೂ ಬೆಲ್ ಒತ್ತುವುದಿಲ್ಲ. ಮೂರು ಸಲ ಕುಟ್ಟಿ, ಅಂಗೈಯನ್ನು ಬಾಗಿಲಿಗೆ ಆನಿಸಿ ನಿಲ್ಲುತ್ತಾರೆ. ಒಳಗಿನಿಂದ ನಾನೂ ಮೂರು ಸಲ ಕುಟ್ಟುತ್ತೇನೆ. ಕಿಟಕಿಯಲ್ಲಿ ನಿಂತ ಮಗಳು, “ಅಜ್ಜ ನಕ್ಕಾ” ಅಂದ ಮೇಲೆ ಚಿಲಕ ತೆಗೆಯುತ್ತೇನೆ.